ಚಿಕ್ಕಜ್ಜಿಯ ದನಿಯಲ್ಲಿ ನಾನು ಮಾಡಿದ ಪ್ರಾರ್ಥನೆ

ನಮ್ಮ ಸಭೆಯಲ್ಲಿ ಯಾರು ಪ್ರಾರ್ಥನೆ ಮಾಡುತ್ತಿದ್ದಾರೆಂದು ನಾನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿಯೇ ಇರುವುದರಿಂದ ಇದೇನೂ ದೊಡ್ಡ ಸಾಹಸವಲ್ಲ. ಪಾದ್ರಿಗಳನ್ನು ನಾವು ಅಯ್ಯನವರು ಎನ್ನುತ್ತೇವೆ. ಅವರು ಪ್ರತಿ ವಾಕ್ಯದ ಕೊನೆಗೆ ಬಿಸಿ ಕಾಫಿ ಹೀರಿದವರ ಹಾಗೆ ಉಸಿರು ಒಳಗೆಳೆದುಕೊಳ್ಳುತ್ತಾರೆ. ಸಭಾ ಹಿರಿಯರೊಬ್ಬರು ದೇವರಿಗೆ ನಂಜನಗೂಡಿನ ವಾರದ ಸುದ್ದಿಯನ್ನು ಒಪ್ಪಿಸುತ್ತಾರೆ: "ಕರ್ತನೇ, ನಿನಗೇ ತಿಳಿದಿರುವ ಹಾಗೆ ಮೂರು ದಿನದಿಂದ ನಲ್ಲಿಯಲ್ಲಿ ನೀರಿಲ್ಲ..." ಇವರನ್ನೆಲ್ಲ ನಾನು ಅನುಕರಿಸುತ್ತೇನೆ. ಯುವಜನರ ಕೂಟದಲ್ಲಿ, ಕ್ರಿಸ್ಮಸ್ ಕಾರ್ಯಕ್ರಮದಲ್ಲಿ, ಮದುವೆ ಮನೆಯಲ್ಲಿ ಊಟ ತಡವಾದಾಗ. ನನ್ನದೇ ಪ್ರಾರ್ಥನೆಯನ್ನೂ ಅನುಕರಿಸಿ ತೋರಿಸಿದ್ದೇನೆ, ಎಲ್ಲಕ್ಕಿಂತ ಸುಲಭ ಅದೇ. ಎರಡು ವಾಕ್ಯ, ಒಂದು ಆಕಳಿಕೆ, ಆಮೆನ್.

ಈ ಚಾಳಿ ನನಗೆ ಬಂದದ್ದು ಅಜ್ಜಿಯಿಂದ. ಅಮ್ಮನ ಅಮ್ಮ, ನಂಜನಗೂಡಿನಲ್ಲಿ ನಮ್ಮ ಜೊತೆಯಲ್ಲೇ ಇದ್ದಾಳೆ. ಅವಳು ದನಿ ಕದಿಯುವುದಿಲ್ಲ, ಮಾತಿನಲ್ಲೇ ಜನರನ್ನು ಬಟ್ಟೆಯ ಹಾಗೆ ಒಗೆದು ಹಿಂಡಿ ಒಣಗಿಸುತ್ತಾಳೆ. ಒಂದು ಸಲ ಅದು ವಿಪರೀತವಾಯಿತು.

ಅಜ್ಜಿಗೆ ತಿ. ನರಸೀಪುರದಲ್ಲಿ ಒಬ್ಬಳು ತಂಗಿ. ನಮಗೆ ಚಿಕ್ಕಜ್ಜಿ. ಚಿಕ್ಕಜ್ಜಿಯ ಗಂಡ ತೀರಿಕೊಂಡ ನಲವತ್ತನೇ ದಿನ ಪ್ರಾರ್ಥನೆ ಇತ್ತು, ಆಮೇಲೆ ಊಟ. ಚಿಕ್ಕಜ್ಜಿ ಹಟ ಮಾಡಿ ಸಾರನ್ನು ತಾನೇ ಮಾಡಿದ್ದಳು. ಅಜ್ಜಿ ಒಂದು ತುತ್ತು ಬಾಯಿಗಿಟ್ಟು, ಪಕ್ಕದ ಎಲೆಯವರಿಗೆ ಹೇಳಿದಳು: "ನಲವತ್ತೊರ್ಸ ಈ ಸಾರ್ನ ಉಂಡ್ಕಂಡು ಆ ಮನುಷ್ಯ ಇಷ್ಟ್ ದಿನ ಬದುಕಿದ್ದೇ ದೇವರ ಅದ್ಭುತ ಕಣ್ರವ್ವಾ."

ಸಾಲಿನ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನೂ ನಕ್ಕೆ. ಹಿಂದೆ ಸೌಟು ಹಿಡಿದು ನಿಂತಿದ್ದ ಚಿಕ್ಕಜ್ಜಿ ಮಾತ್ರ ನಗಲಿಲ್ಲ. ಸೌಟನ್ನು ನೆಲದ ಮೇಲಿಟ್ಟು ಒಳಗೆ ಹೋದವಳು ನಾವು ಹೊರಡುವವರೆಗೂ ಬರಲಿಲ್ಲ. ಅಲ್ಲಿಂದ ನಾಲ್ಕು ವರ್ಷ ಅಕ್ಕ ತಂಗಿಗೆ ಮಾತಿಲ್ಲ.

ಮಾತಿಲ್ಲದಿದ್ದರೂ ಪ್ರಾರ್ಥನೆ ಇತ್ತು. ಬೆಳಗಿನ ಜಾವ ಅಜ್ಜಿ ಗೋಡೆಗೆ ಮುಖ ಮಾಡಿ ಕೂತು, ಮನೆಯವರೆಲ್ಲ ಎಚ್ಚರವಾಗುವಷ್ಟು ಗಟ್ಟಿಯಾಗಿ ಬೇಡುತ್ತಿದ್ದಳು: "ಅಪ್ಪಾ, ನನ್ ತಂಗಿ ಎದೆ ಕಲ್ಲಾಗದೆ. ಕರಗಿಸಪ್ಪಾ ತಂದೇ." ಹೀಗೆ ನಾಲ್ಕು ವರ್ಷ, ಒಂದು ದಿನವೂ ತಪ್ಪದೆ. ಅಯ್ಯನವರು ಒಮ್ಮೆ ಮನೆಗೆ ಬಂದಾಗ, "ಅಮ್ಮಾ, ಒಂದು ಸಲ ನೀವೇ ಹೋಗಿ ಮಾತಾಡಿಸಿಬಿಡಿ" ಎಂದರು. ಅಜ್ಜಿ ಕಾಫಿ ಲೋಟ ಮುಂದೆ ಮಾಡಿ, "ಪ್ರಾರ್ಥನೆ ಮಾಡ್ತಿವ್ನಿ ಅಯ್ನೋರೇ" ಎಂದಳು. ಈ ಮಾತಿಗೆ ಎದುರು ಹೇಳುವ ಧೈರ್ಯ ಯಾವ ಅಯ್ಯನವರಿಗಿದೆ? ಕಾಫಿ ಕುಡಿದು ಹೋದರು.

ಅಕ್ಕ ತಂಗಿಯರ ನಡುವಿನ ಸೇತುವೆ ನಾನು. ನಂಜನಗೂಡಿನ ಒಂದು ಬೇಕರಿಯ ವ್ಯಾನು ಓಡಿಸುವುದು ನನ್ನ ಕೆಲಸ. ಮಂಗಳವಾರ, ಶುಕ್ರವಾರ ಬನ್ನು, ಬ್ರೆಡ್ಡು, ರಸ್ಕು ತುಂಬಿಕೊಂಡು ಸುತ್ತೂರಿನ ಕಡೆಯ ಅಂಗಡಿಗಳಿಗೆ ಹಾಕಿ, ನರಸೀಪುರ ಮುಟ್ಟಿ, ಬನ್ನೂರಿನವರೆಗೆ ಹೋಗಿ ಬರುತ್ತೇನೆ. ನರಸೀಪುರದಲ್ಲಿ ಮಧ್ಯಾಹ್ನದ ಊಟ ಚಿಕ್ಕಜ್ಜಿಯ ಮನೆಯಲ್ಲಿ. ಅಲ್ಲಿ ಊಟಕ್ಕೆ ಮೊದಲು ಪ್ರಾರ್ಥನೆ. ಚಿಕ್ಕಜ್ಜಿಯ ಪ್ರಾರ್ಥನೆ ಎಂದರೆ ಬಿಸಿ ಮುದ್ದೆ ತಣ್ಣಗಾಗಿ, ಮೇಲೆ ಪೊರೆ ಕಟ್ಟುವಷ್ಟು ಉದ್ದ. ಮೂಗಿನ ದನಿ, ಮೂರು ಮಾತಿಗೊಂದು "ಸ್ತೋತ್ರಪ್ಪಾ", ನಡುನಡುವೆ ಸಣ್ಣ ಕೆಮ್ಮು. ಮಕ್ಕಳು, ಮೊಮ್ಮಕ್ಕಳು, ನನ್ನ ವ್ಯಾನಿನ ಬ್ರೇಕು, ಪಕ್ಕದ ಮನೆಯವರ ಗಬ್ಬದ ಎಮ್ಮೆ, ಎಲ್ಲರ ಹೆಸರೂ ಅದರಲ್ಲಿ ಬರುತ್ತದೆ.

ಶುಕ್ರವಾರ ಸಂಜೆ ಮನೆಗೆ ಬಂದರೆ ಅಜ್ಜಿ ಯಾವುದೋ ಕೆಲಸದಲ್ಲಿರುವವಳ ಹಾಗೆ ಕೇಳುತ್ತಿದ್ದಳು: "ಎಂಗವ್ಳ್ಲಾ?"

"ಯಾರು?"

"ನಿಮ್ ಬೇಕರಿ ಓನರ್ರು ಕಣೋ, ಇನ್ಯಾರು? ಮಾಡ್ಲಾ ಒಸಿ, ಅವ್ಳಂಗೆ."

ನಾನು ಚಿಕ್ಕಜ್ಜಿಯ ಹಾಗೆ ಕೆಮ್ಮುತ್ತಿದ್ದೆ. ಅಜ್ಜಿ ನಗುತ್ತಿದ್ದಳು, ನಕ್ಕು ಮುಗಿಸಿ, "ಕೆಮ್ಮು ಇನ್ನೂ ಓಗಿಲ್ವಾ?" ಎಂದು ಕೇಳುತ್ತಿದ್ದಳು. ಮುಂದಿನ ಮಂಗಳವಾರ ನನ್ನ ಸೀಟಿನ ಮೇಲೆ ಶುಂಠಿ, ಕಾಳುಮೆಣಸಿನ ಪೊಟ್ಟಣ ಇರುತ್ತಿತ್ತು. ಯಾರು ಇಟ್ಟರೆಂದು ನಾನು ಕೇಳುತ್ತಿರಲಿಲ್ಲ, ಯಾರು ಕೊಟ್ಟರೆಂದು ಚಿಕ್ಕಜ್ಜಿಯೂ ಕೇಳುತ್ತಿರಲಿಲ್ಲ.

ಹೋದ ವರ್ಷದ ಕೊನೆಯಲ್ಲಿ ಒಂದು ಭಾನುವಾರ ಅಯ್ಯನವರು, ಕಾಣಿಕೆ ತಂದವನಿಗೆ ತನ್ನ ಮೇಲೆ ಯಾರಿಗೋ ಬೇಸರವಿದೆಯೆಂದು ನೆನಪಾದರೆ ಆ ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಅವರ ಹತ್ತಿರ ಹೋಗಬೇಕೆಂದು ಯೇಸು ಸ್ವಾಮಿ ಹೇಳಿದ್ದನ್ನು ಪ್ರಸಂಗ ಮಾಡಿದರು. "ನಿನಗೆ ಬೇಸರ ಇದ್ದರೆ ಅಂತ ಹೇಳಲಿಲ್ಲ, ನಿನ್ನ ಮೇಲೆ ಇದ್ದರೆ ಅಂದರು" ಎಂದು ಎರಡು ಸಲ ಹೇಳಿ ಎರಡು ಸಲ ಉಸಿರೆಳೆದುಕೊಂಡರು. ನಾನು ಆ ಉಸಿರನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ. ಅಜ್ಜಿ ಪ್ರಸಂಗ ಕೇಳಿಸಿಕೊಂಡಿದ್ದಳು. ಮನೆಗೆ ಬಂದವಳೇ ಬೀರುವಿನಿಂದ ನೇರಳೆ ಬಣ್ಣದ ರೇಷ್ಮೆ ಸೀರೆ ತೆಗೆದು ಗಾಳಿಗೆ ಹರವಿದಳು. "ಶುಕ್ರವಾರ ನಿನ್ ಗಾಡೀಲಿ ನಾನೂ ಬತ್ತೀನಿ" ಎಂದಳು. ಅಮ್ಮ ಅಡುಗೆಮನೆಯಲ್ಲಿ ಕೈಲಿದ್ದ ತಟ್ಟೆಯನ್ನು ಬೀಳಿಸಿದಳು.

ಗುರುವಾರ ಸಂಜೆ ಅಜ್ಜಿಗೆ ಭಯ ಹತ್ತಿತು. ಮಂಡಿ ನೋವು ಎಂದಳು, ಮೋಡ ಎಂದಳು, ವ್ಯಾನಿನಲ್ಲಿ ಬೆಣ್ಣೆ ವಾಸನೆ ಎಂದಳು. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು: "ಅವ್ಳು ಪ್ರಾರ್ಥನೇಲಿ ನನ್ ಎಸ್ರು ಏಳ್ತಾಳೇನ್ಲಾ?"

ಹೇಳುವುದಿಲ್ಲ ಎನ್ನುವುದು ನಿಜ. ಎಮ್ಮೆಯ ಹೆಸರು ಬರುತ್ತಿತ್ತು, ಅಕ್ಕನ ಹೆಸರು ಬರುತ್ತಿರಲಿಲ್ಲ. ಆದರೆ ಎದುರಿಗೆ ಕೂತ ಮುಖವನ್ನು ನೋಡಿ ನನಗೆ ನಿಜ ಹೇಳಲಾಗಲಿಲ್ಲ. ಧೈರ್ಯ ಕೊಟ್ಟು ನಾಳೆ ಗಾಡಿ ಹತ್ತಿಸೋಣವೆಂದು, ನಾನು ಮೂಗಿನ ದನಿ ತೆಗೆದೆ, ಕೆಮ್ಮಿದೆ, ಶುರು ಮಾಡಿದೆ: "ಸ್ತೋತ್ರಪ್ಪಾ, ನಮ್ಮಕ್ಕ ಏನೋ ಬಾಯ್ ತಪ್ಪಿ ಅಂದ್ಬುಟ್ಲು, ನಾನು ಅವಳ್ನ ಕ್ಷಮಿಸ್ಬುಟ್ಟಿವ್ನಿ ಕಣಪ್ಪಾ, ಅವಳ್ನ ಚೆನ್ನಾಗಿ ಮಡಗಪ್ಪಾ..." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕಲಾವಿದನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಒಂದು ಬಿಕ್ಕಳಿಕೆಯನ್ನೂ ಸೇರಿಸಿದೆ.

ಅಜ್ಜಿ ಗಳಗಳನೆ ಅತ್ತುಬಿಟ್ಟಳು. ಕಣ್ಣೊರೆಸಿಕೊಂಡು ಎದ್ದು ಹೋಗಿ, ರೇಷ್ಮೆ ಸೀರೆಯನ್ನು ಮಡಿಸಿ ಬೀರುವಿನಲ್ಲಿಟ್ಟಳು.

"ಯಾಕಜ್ಜಿ?"

"ಕ್ಷಮಿಸ್ಬುಟ್ಟವ್ಳಲ್ಲೋ! ನಾಕೊರ್ಸದ ಪ್ರಾರ್ಥನೆ ಕೇಳವ್ನೆ ದೇವರು. ಇನ್ಯಾಕ್ಲಾ ಓಗದು?"

ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳುವ ಸಮಯಕ್ಕೆ ಅಜ್ಜಿ ಎದ್ದು ನಿಂತಳು. ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳುವುದಕ್ಕೆ ನಾವು ಸಾಕ್ಷಿ ಎನ್ನುತ್ತೇವೆ. ತಾನು ಹೆಜ್ಜೆ ಎತ್ತಿಡದೆಯೇ, ಬರೀ ಪ್ರಾರ್ಥನೆಯಿಂದಲೇ ತಂಗಿಯ ಎದೆ ಕರಗಿತು ಎಂದು ಅಜ್ಜಿ ಹೇಳಿದಾಗ ಹೆಂಗಸರ ಸಾಲಿನಿಂದ ಸ್ತೋತ್ರ, ಸ್ತೋತ್ರ ಎಂಬ ದನಿಗಳು ಎದ್ದವು. ಯುವಜನರ ಸಾಲಿನಲ್ಲಿ ನಾನು ಬಗ್ಗಿ ಬೆಂಚಿನ ಕೆಳಗೆ ಹಾಡಿನ ಪುಸ್ತಕವನ್ನು ಬಹಳ ಹೊತ್ತು ಹುಡುಕಿದೆ. ಅದು ನನ್ನ ಕೈಯಲ್ಲೇ ಇತ್ತು.

ಅಲ್ಲಿಂದ ನಾನು ಮಹಾ ಪ್ರಾರ್ಥನಾವೀರನಾದೆ. ಸುತ್ತೂರಿನ ದಾರಿಯಲ್ಲಿ ಸ್ಟಿಯರಿಂಗ್ ಹಿಡಿದೇ ಪ್ರಾರ್ಥಿಸಿದೆ. ಕ್ಷಮಿಸು ಎಂದೆ, ಧೈರ್ಯ ಕೊಡು ಎಂದೆ, ಸರಿಯಾದ ಸಮಯ ತೋರಿಸು ಎಂದೆ. ದೇವರು ದಿನಕ್ಕೆ ಮೂರು ಸಲ, ಊಟಕ್ಕೆ ಅಜ್ಜಿಯ ಎದುರಿಗೇ ಕೂರಿಸಿ ಸರಿಯಾದ ಸಮಯ ತೋರಿಸುತ್ತಿದ್ದ, ನಾನು ಉಪ್ಪಿನಕಾಯಿ ಕೇಳುತ್ತಿದ್ದೆ. ಇದರಿಂದಲೂ ಆಗದಾಗ ಉಪವಾಸ ಪ್ರಾರ್ಥನೆ ಹಿಡಿದೆ. ಆಗತಾನೆ ಒಲೆಯಿಂದ ಇಳಿದ ಬನ್ನುಗಳನ್ನು ಬೆನ್ನ ಹಿಂದೆ ತುಂಬಿಕೊಂಡು ಉಪವಾಸ ಮಾಡಿದವರು ಸಭೆಯ ಇತಿಹಾಸದಲ್ಲಿ ಬೇರೆ ಯಾರೂ ಇರಲಾರರು. ಹಣೆಗೆ ವಿಭೂತಿ ಹಚ್ಚಿ ಗಲ್ಲಾಪೆಟ್ಟಿಗೆ ಮುಂದೆ ಕೂರುವ ನಮ್ಮ ಯಜಮಾನರು ನಾನು ಬನ್ನು ಬೇಡವೆಂದದ್ದಕ್ಕೆ ಗಾಬರಿಯಾಗಿ, "ಏನ್ಲಾ, ಜ್ವರನಾ?" ಎಂದು ಕತ್ತು ಮುಟ್ಟಿ ನೋಡಿದರು.

"ಉಪವಾಸ ಸಾ."

"ಯಾವ ತಪ್ಪು ಮಾಡಿದ್ಯೋ?" ಎಂದರು. ಅವರದು ಬೇರೆ ಧರ್ಮ, ಆದರೂ ವಿಷಯ ಹಿಡಿದುಬಿಟ್ಟರು.

ಆ ಸಂಜೆಯೇ ಅಯ್ಯನವರ ಮನೆಗೆ ಹೋದೆ. ಪ್ಯಾಂಟು ಮಡಿಸಿಕೊಂಡು, ಬಕೆಟ್ಟಿಟ್ಟುಕೊಂಡು ಬೈಕು ತೊಳೆಯುತ್ತಿದ್ದರು. "ಅಯ್ಯನವರೇ, ನನಗೋಸ್ಕರ ಒಂದು ಪ್ರಾರ್ಥನೆ ಮಾಡಬೇಕು" ಎಂದೆ. ಒದ್ದೆ ಕೈಯನ್ನೇ ನನ್ನ ತಲೆ ಮೇಲಿಟ್ಟು ಕಣ್ಣು ಮುಚ್ಚಿದರು. ಆಮೇಲೆ ನೆನಪಾಯಿತೇನೋ, "ಯಾವ ವಿಷಯಕ್ಕೆ?" ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಬಿಕ್ಕಳಿಕೆಯನ್ನೂ ಬಿಡಲಿಲ್ಲ.

ಅಯ್ಯನವರು ಕಣ್ಣು ತೆರೆದು ಕೈ ತೆಗೆದರು. "ಇದಕ್ಕೆ ನಾನು ಪ್ರಾರ್ಥನೆ ಮಾಡಲ್ಲಪ್ಪ."

ಪ್ರಾರ್ಥನೆ ಮಾಡುವುದಿಲ್ಲ ಎನ್ನುವ ಅಯ್ಯನವರನ್ನು ನಾನು ನೋಡಿದ್ದು ಅದೇ ಮೊದಲು. "ಯಾಕೆ?"

"ದೇವರು ಈ ವಿಷಯದಲ್ಲಿ ಇನ್ನೇನು ಹೇಳಬೇಕು ಅಂತ ಕಾಯ್ತಿದೀಯ? ಸುಳ್ಳು ಹೇಳಬೇಡ ಅಂತ ಹೇಳಿ ಆಗಿದೆ. ಹೇಳಿದ್ರೆ ಒಪ್ಕೋ ಅಂತಾನೂ ಹೇಳಿ ಆಗಿದೆ."

"ಧೈರ್ಯಕ್ಕಾದ್ರೂ ಮಾಡಿ."

"ನಿಮ್ಮ ಓನರ್ ಬನ್ ಹಾಕಿ ಬಾರೋ ಅಂದ್ರೆ ಏನ್ ಮಾಡ್ತೀಯ? ಅವರ ಮುಂದೆ ಕೈಮುಗಿದು ನಿಂತು, ಯಜಮಾನ್ರೇ ನೀವೆಷ್ಟು ದೊಡ್ಡವರು, ಬನ್ ಹಾಕೋ ಮನಸ್ಸು ಕೊಡಿ, ಶಕ್ತಿ ಕೊಡಿ ಅಂತ ಅರ್ಧ ಗಂಟೆ ಬೇಡ್ಕೋತೀಯಾ?"

"ಒದೀತಾರೆ."

"ದೇವರು ಒದೆಯಲ್ಲ. ಅದಕ್ಕೇ ನಮಗೆಲ್ಲ ಸಲಿಗೆ." ಬಟ್ಟೆ ಹಿಂಡುತ್ತ ಮೆಲ್ಲಗೆ ನಕ್ಕರು. "ನಾನೂ ಇದನ್ನೇ ಮಾಡ್ತೀನಿ ಕಣಯ್ಯ. ಹೋಗಬೇಕಾದ ಮನೆಗೆ ಹೋಗದೆ ಅವರಿಗೋಸ್ಕರ ಪ್ರಾರ್ಥನೆ ಮಾಡಿ ಮಲಗಿಬಿಡ್ತೀನಿ. ಒಳ್ಳೇ ನಿದ್ದೆ ಬರುತ್ತೆ. ನಿಮ್ಮಜ್ಜಿ ಅವತ್ತು ಕಾಫಿ ಕೊಟ್ಟಾಗ ನಾನು ಇನ್ನೊಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೋಗು. ಧೈರ್ಯ ದಾರೀಲಿ ಸಿಕ್ಕಿದ್ರೆ ಸಿಗುತ್ತೆ, ಸಿಗದಿದ್ರೆ ಇಲ್ಲದೇನೇ ಹೇಳು."

ದಾರಿಯಲ್ಲಿ ಸಿಗಲಿಲ್ಲ. ದಾರಿಯಲ್ಲಿ ಸಿಕ್ಕಿದ್ದು ಇಷ್ಟೇ: ಭಾನುವಾರದಿಂದ ನಾನು ದೇವರ ಜೊತೆ ಅಷ್ಟೊಂದು ಮಾತಾಡಿದ್ದೆಲ್ಲ, ಅವನು ಮೊದಲೇ ಹೇಳಿದ್ದ ಒಂದೇ ಒಂದು ಮಾತನ್ನು ಕೇಳಿಸಿಕೊಳ್ಳದಿರುವುದಕ್ಕೆ. ನಾನು ಬಾಯಿ ಮುಚ್ಚಿದ್ದರೆ ಅದು ಕೇಳಿಸಿಬಿಡುತ್ತಿತ್ತು. ನನ್ನಂಥವನಿಗೆ ಬಾಯಿ ಮುಚ್ಚುವುದು ಉಪವಾಸಕ್ಕಿಂತ ಕಷ್ಟ.

ಅಜ್ಜಿ ಹಜಾರದಲ್ಲಿ ಕೂತು, ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆಯಿಂದ ಬಿಡಿಸುತ್ತಿದ್ದಳು. ನಾನು ನಿಂತೇ ಹೇಳಿದೆ: "ಅಜ್ಜಿ, ಅವತ್ತು ಚಿಕ್ಕಜ್ಜಿ ಥರ ಪ್ರಾರ್ಥನೆ ಮಾಡಿದ್ನಲ್ಲ, ಅದು ನಾನೇ ಕಟ್ಟಿದ್ದು. ಚಿಕ್ಕಜ್ಜಿ ಹಂಗೆ ಅನ್ನಲೇ ಇಲ್ಲ."

ಅಜ್ಜಿಯ ಬೆರಳ ನಡುವಿನ ಕಾಳು ಚಿಮ್ಮಿ ಗೋಡೆಗೆ ಬಡಿಯಿತು.

"ಕ್ಷಮಿಸಿವ್ನಿ ಅನ್ನಲಿಲ್ವಾ?"

"ಇಲ್ಲ."

"ಅತ್ತಿದ್ದು?"

"ಅದೂ ನಾನೇ."

"ಥೂ ನಿನ್ ಮಕ ಮುಚ್ಚ! ಸಭೇಲಿ ನಿಂತ್ಕಂಡು ಸಾಕ್ಷಿ ಏಳ್ಬುಟ್ಟೆನಲ್ಲೋ! ದೇವರ ಮನೇಲಿ ನನ್ ಬಾಯಲ್ಲಿ ಸುಳ್ಳೇಳ್ಸಿದ್ಯಲ್ಲೋ!" ಕೈಯಲ್ಲಿದ್ದ ಸಿಪ್ಪೆಗಳನ್ನೆಲ್ಲ ನನ್ನ ಮೇಲೆ ಎಸೆದಳು. ನಾನು ತಪ್ಪಿಸಿಕೊಳ್ಳಲಿಲ್ಲ. ಅಂಗಿಯ ಜೇಬಿನೊಳಕ್ಕೂ ಒಂದಷ್ಟು ಬಿದ್ದವು. ಮತ್ತೆ ಕಾಳು ಹಿಸುಕತೊಡಗಿದಳು. ತಲೆ ಎತ್ತದೆಯೇ ಹೇಳಿದಳು: "ದಿಟವಾಗ್ಲೂ ಎಂಗ್ ಮಾಡ್ತಾಳೋ, ಅಂಗೇ ಮಾಡು. ಒಂದಕ್ಷರ ಸೇರ್ಸಿದ್ರೆ ನಿನ್ ನಾಲ್ಗೆ ಕಿತ್ತಾಕ್ತೀನಿ."

ಮಾಡಿದೆ. ಸ್ತೋತ್ರಪ್ಪಾ, ಮಕ್ಕಳು, ಮೊಮ್ಮಕ್ಕಳು, ಬ್ರೇಕು, ಎಮ್ಮೆ. "ನಮ್ಮ ಒಡಹುಟ್ಟಿದೋರು..." ಎಂದು ನಿಲ್ಲಿಸಿದೆ. ಚಿಕ್ಕಜ್ಜಿ ಅಲ್ಲಿ ನಿಲ್ಲಿಸುತ್ತಿದ್ದಳು. ಗಂಟಲು ಸರಿ ಮಾಡಿಕೊಳ್ಳುತ್ತಿದ್ದಳು, ಏನೋ ಹೇಳಹೊರಟು ನುಂಗುತ್ತಿದ್ದಳು, ಆಮೇಲೆ "ಈ ಊಟವನ್ನ ಆಶೀರ್ವದಿಸಪ್ಪಾ" ಎಂದು ಮುಗಿಸಿಬಿಡುತ್ತಿದ್ದಳು. ನಾನು ಅದನ್ನು ಎಷ್ಟೋ ಸಲ ಕೇಳಿದ್ದೆ. ನಗು ಬರುವ ಜಾಗವಲ್ಲ ಎಂದು ಒಮ್ಮೆಯೂ ಮಾಡಿ ತೋರಿಸಿರಲಿಲ್ಲ.

ಅಜ್ಜಿ ನನ್ನ ಗಂಟಲನ್ನೇ ನೋಡುತ್ತಿದ್ದಳು. "ನಾನ್ ಅಲ್ಲಿವ್ನಿ ಕಣ್ಲಾ" ಎಂದಳು. "ಅವ್ಳು ನುಂಗ್ತಾಳಲ್ಲ, ಅಲ್ಲಿ." ಆಮೇಲೆ ತನಗೇ ಹೇಳಿಕೊಂಡಳು: "ಅವಳ ಎದೆ ಕಲ್ಲು ಅಂತಿದ್ದೆ. ಕಲ್ಲೆಸ್ದೋಳು ನಾನು."

ಮಾರನೆಯ ದಿನ ಶುಕ್ರವಾರ. ಅಜ್ಜಿ ರೇಷ್ಮೆ ಸೀರೆ ಉಡಲಿಲ್ಲ, ದಿನಾ ಉಡುವ ನೂಲಿನ ಸೀರೆಯಲ್ಲೇ ಬಂದು ಮುಂದಿನ ಸೀಟಿನಲ್ಲಿ ಕೂತಳು. ಸುತ್ತೂರು ದಾಟುತ್ತಿದ್ದಂತೆ ಕೈ ಜೋಡಿಸಿ, "ಪರಲೋಕದ ತಂದೆಯೇ" ಎಂದು ಶುರು ಮಾಡಿ, ತಟ್ಟನೆ ಕೈ ಬಿಟ್ಟಳು.

"ಯಾಕಜ್ಜಿ ನಿಲ್ಸಿದೆ?"

"ಬ್ಯಾಡ ಬುಡು. ಈಗ ಪ್ರಾರ್ಥನೆ ಇಡ್ಕಂಡ್ರೆ, ವಾಪಸ್ ಓಗವಾ ಅಂತ ದೇವರ್ನೇ ಒಪ್ಪಿಸ್ಬುಡ್ತೀನಿ. ನೀನ್ ಓಡ್ಸು."

ನರಸೀಪುರದ ಮನೆಯ ಮುಂದೆ ನಾನು ಹಾರ್ನ್ ಹೊಡೆಯಲಿಲ್ಲ. ಅಜ್ಜಿಯೇ ಹೋಗಿ ಬಾಗಿಲು ತಟ್ಟಿದಳು. ಚಿಕ್ಕಜ್ಜಿ ಅರ್ಧ ತೆರೆದು, ಬಂದವರು ಯಾರೆಂದು ಕಂಡು, ಬಾಗಿಲನ್ನು ಹಿಡಿದುಕೊಂಡೇ ನಿಂತಳು. ತೆರೆಯಲೂ ಇಲ್ಲ, ಮುಚ್ಚಲೂ ಇಲ್ಲ.

ಮಾತಿನ ಮಲ್ಲಿ ನನ್ನಜ್ಜಿ ಸೆರಗನ್ನು ಎರಡು ಸಲ ಸರಿ ಮಾಡಿಕೊಂಡಳು. ಕೊನೆಗೆ ಒಂದೇ ಉಸಿರಿಗೆ, "ಆವತ್ತು ನಾನ್ ಅಂಗನ್ಬಾರ್ದಾಗಿತ್ತು. ತಪ್ಪಾಯ್ತು ಕಣೇ" ಎಂದಳು.

"ನಾಕೊರ್ಸ ಆಯ್ತು" ಎಂದಳು ಚಿಕ್ಕಜ್ಜಿ.

"ಊಂ. ಪ್ರಾರ್ಥನೆ ಮಾಡ್ತಿದ್ದೆ."

"ಏನಂತ?"

"ನಿನ್ನೆದೆ ಕರಗ್ಲಿ ಅಂತ."

"ನನ್ನೆದೇಗೇನಾಗಿತ್ತು?" ಚಿಕ್ಕಜ್ಜಿಯ ಮೂಗಿನ ದನಿ ಏರಿತು. "ಅಂದೋಳು ನೀನು, ಕರಗ್ಬೇಕಾದೋಳು ನಾನಾ? ಚೆಂದಾಗದೆ ನಿನ್ ಪ್ರಾರ್ಥನೆ! ಈಗ ಬಂದು ತಪ್ಪಾಯ್ತು ಅಂದ್ರೆ ನಾನೇನ್ ಏಳ್ಲಿ? ಓಗು, ಪ್ರಾರ್ಥನೆ ಮಾಡಿ ನೋಡ್ತೀನಿ."

"ಅಯ್ಯೋ, ಅದೊಂದ್ ಮಾತ್ರ ಮಾಡ್ಬ್ಯಾಡ ಕಣೇ" ಎಂದಳು ಅಜ್ಜಿ. "ಇನ್ನ್ ನಾಕೊರ್ಸ ಆಯ್ತದೆ. ಅಷ್ಟೊತ್ಗೆ ಇಬ್ರಲ್ಲಿ ಒಬ್ರು ಇರಕಿಲ್ಲ."

ಚಿಕ್ಕಜ್ಜಿ ನಗಬಾರದೆಂದು ತುಟಿ ಬಿಗಿ ಹಿಡಿದಳು. ನಗು ಮೂಗಿನಿಂದ ಬಂದುಬಿಟ್ಟಿತು, ಅದರ ಹಿಂದೆಯೇ ಕೆಮ್ಮು. ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು: "ಸಾರು ಅಷ್ಟ್ ಕೆಟ್ಟೋಗಿತ್ತಾ?"

ಈಗ ಇಲ್ಲ ಎಂದರೆ ಎಲ್ಲ ಮುಗಿಯುತ್ತದೆ ಎಂದು ನಾನು ವ್ಯಾನಿನ ಪಕ್ಕದಿಂದ ತಲೆ ಆಡಿಸಿ ಸನ್ನೆ ಮಾಡಿದೆ. ಅಜ್ಜಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಕೆಟ್ಟಿತ್ತು ಕಣೇ. ಅದು ದಿಟ. ನಾನಂದಿದ್ದು ತಪ್ಪು."

"ಉಪ್ಪಾಕಿದ್ನೋ ಇಲ್ವೋ ನನಗೇ ಗ್ಯಾನ ಇರ್ನಿಲ್ಲ ಅಕ್ಕಾ" ಎಂದಳು ಚಿಕ್ಕಜ್ಜಿ. "ಅವ್ರಿಗೆ ಅಂತ ಮಾಡೋ ಕೊನೇ ಸಾರು, ನಾನೇ ಮಾಡವಾ ಅಂತ ನಿಂತ್ಕಂಡೆ. ಕಣ್ಣೇ ಕಾಣ್ತಿರ್ನಿಲ್ಲ, ಅತ್ತೂ ಅತ್ತೂ."

ನಾಲ್ಕು ವರ್ಷದಲ್ಲಿ ಈ ವಿಷಯ ನಮಗೆ ಯಾರಿಗೂ ತಿಳಿದಿರಲಿಲ್ಲ. ಬಂದು ಬಾಗಿಲು ತಟ್ಟಿದವರಿಗಲ್ಲದೆ ಅದು ತಿಳಿಯುವುದಾದರೂ ಹೇಗೆ? ಅಜ್ಜಿ ಹೊಸ್ತಿಲ ಮೇಲೇ ಕುಸಿದು ಕೂತಳು. ಚಿಕ್ಕಜ್ಜಿ ಬಾಗಿಲು ಬಿಟ್ಟು ಅವಳ ಪಕ್ಕದಲ್ಲೇ ಕೂತಳು. ಇಬ್ಬರೂ ಕೂತು ದಾರಿ ಕಟ್ಟಿದ್ದರಿಂದ ನನಗೆ ಒಳಗೆ ಹೋಗಲು ಜಾಗವಿರಲಿಲ್ಲ. ಬನ್ನೂರಿನ ಅಂಗಡಿಗಳಿಗೆ ಬನ್ನು ಹಾಕಿ ಬರುತ್ತೇನೆಂದು ಹೇಳಿ ಹೊರಟೆ. ಸಂಜೆ ವಾಪಸು ಬಂದಾಗ, "ಇವತ್ತು ನೀನೊಬ್ನೇ ಓಗು, ನಾನು ಇಲ್ಲೇ ಇರ್ತೀನಿ" ಎಂದಳು ಅಜ್ಜಿ. ಸೌಟು ಅವಳ ಕೈಯಲ್ಲಿತ್ತು, ಒಲೆಯ ಮುಂದೆ ಆಗಲೇ ಜಗಳ ಶುರುವಾಗಿತ್ತು.

ಆದರೆ ನನ್ನ ಲೆಕ್ಕ ಅಲ್ಲಿಗೆ ಚುಕ್ತಾ ಆಗಲಿಲ್ಲ. ವ್ಯಾನು ಹತ್ತುವಾಗ ಅಜ್ಜಿ ಕಿಟಕಿಯ ಹತ್ತಿರ ಬಂದು, "ಭಾನುವಾರ ನಾವಿಬ್ರೂ ಬತ್ತೀವಿ. ನನ್ ಸುಳ್ ಸಾಕ್ಷೀನ ನೀನೇ ಎದ್ದು ತಿದ್ಬೇಕು" ಎಂದಳು.

"ಅಜ್ಜಿ, ಅದನ್ನ ಪ್ರಾರ್ಥನೇಲಿ..."

"ಏನಂದೆ?"

"ಏನಿಲ್ಲ. ತಿದ್ತೀನಿ."

ಭಾನುವಾರ ಸಾಕ್ಷಿಯ ಸಮಯಕ್ಕೆ ನಾನು ಎದ್ದು ನಿಂತ ಕೂಡಲೇ ಯುವಜನರ ಸಾಲಿನಲ್ಲಿ ಕಿಸಕ್ಕೆಂದರು. ಯಾರದೋ ದನಿ ತೆಗೆಯುತ್ತಾನೆ ಎಂದು ಸಭಾ ಹಿರಿಯರೂ ಮುಗುಳ್ನಗುತ್ತ ನೆಟ್ಟಗೆ ಕೂತರು. ಅನುಕರಿಸುವುದಕ್ಕೆ ಯಾರೂ ಇರಲಿಲ್ಲ. ಅಜ್ಜಿ ಹೇಳಿದ್ದು ಸುಳ್ಳು, ಅದನ್ನು ಹೇಳಿಸಿದವನು ನಾನು, ಚಿಕ್ಕಜ್ಜಿಯ ಮನಸ್ಸು ಹಗುರಾದದ್ದು ಅಜ್ಜಿ ಹೋಗಿ ತಪ್ಪಾಯ್ತು ಎಂದ ಮೇಲೆ ಎಂದು ನಾಲ್ಕು ಮಾತು ಹೇಳಿದೆ. ದನಿ ಎಲ್ಲೆಲ್ಲೋ ಒಡೆಯಿತು. ಸ್ತೋತ್ರ ಎನ್ನಬೇಕೋ ಬೇಡವೋ ತಿಳಿಯದೆ ಸಭೆ ಸುಮ್ಮನೆ ಕೂತಿತು.

ಆ ಮೌನದಲ್ಲಿ, ಹೆಂಗಸರ ಸಾಲಿನ ಮುಂದಿನ ಬೆಂಚಿನಿಂದ ಮೂಗಿನ ದನಿಯೊಂದು ತನ್ನ ಪಿಸುಮಾತು ಎಲ್ಲರಿಗೂ ಕೇಳಿಸುತ್ತಿದೆ ಎಂಬ ಅರಿವಿಲ್ಲದೆ ಹೇಳಿತು: "ಅಕ್ಕಾ, ಇವ್ನು ನನ್ನಂಗೆ ಎಂಗ್ ಮಾಡ್ತಾನೆ? ಒಂದ್ಸಲ ಮಾಡ್ಸು, ನೋಡವಾ."

"ಸುಮ್ಕಿರೇ" ಎಂದಳು ಅಜ್ಜಿ. "ಮನೆಗೋಗಿ ಮಾಡ್ಸನ."